ಹೊಟ್ಟೆಯ ಹುಳು ಕಂಡರೂ ದೇಹ ಯಾಕೆ ಕೊಲ್ಲುವುದಿಲ್ಲ?

ಪ್ರಶ್ನೆ: ರಕ್ತ ಪರೀಕ್ಷೆಯಲ್ಲಿ ನನಗೆ ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣ ಜಾಸ್ತಿ ಇದೆ ಎಂದು ಬಂತು. ಹೊಟ್ಟೆಯಲ್ಲಿ ಹುಳು ಇರಬಹುದು ಎಂದು ವೈದ್ಯರು ಮಾತ್ರೆ ಕೊಟ್ಟರು. ಆಮೇಲೆ ಸುಮ್ನೆ ಕುತೂಹಲಕ್ಕೆ ಓದುತ್ತಾ ಹೋದೆ. ಹುಳುಗಳು ನಮ್ಮ ರೋಗನಿರೋಧಕ ಶಕ್ತಿಯನ್ನು ಮಂಕು ಮಾಡುತ್ತವೆ ಎಂದು ಒಂದು ಕಡೆ ಇತ್ತು. ಅಲರ್ಜಿ ವಾಸಿಯಾಗಲಿ ಎಂದು ಬೇಕೆಂದೇ ಹುಳು ಹತ್ತಿಸಿಕೊಳ್ಳುವವರಿದ್ದಾರೆ ಎಂದು ಇನ್ನೊಂದು ಕಡೆ. ಅಷ್ಟು ದೊಡ್ಡ ಹುಳುವನ್ನು ದೇಹ ಯಾಕೆ ಕೊಲ್ಲುವುದಿಲ್ಲ? ಮಾತ್ರೆ ತಿಂದು ಹುಳು ಹೋದರೆ ಅಲರ್ಜಿ ಶುರುವಾಗುತ್ತದೆಯೇ?

ಉತ್ತರ: ಮೊದಲು ಕೊನೆಯ ಪ್ರಶ್ನೆಗೆ. ಮಾತ್ರೆಗೆ ಹೆದರಬೇಡಿ. ನೀವು ಓದಿದ ಎರಡೂ ಮಾತುಗಳಲ್ಲಿ ಸತ್ಯ ಇದೆ, ಆದರೆ ಅವುಗಳಿಂದ ನೀವು ಆ ತೀರ್ಮಾನಕ್ಕೆ ಬರಬೇಕಾಗಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ. ನಿಜವಾಗಿ ಸ್ವಾರಸ್ಯ ಇರುವುದು ನಿಮ್ಮ ಮೊದಲ ಪ್ರಶ್ನೆಯಲ್ಲಿ.

ದೇಹಕ್ಕೆ ಹುಳು ಕಾಣುವುದಿಲ್ಲ ಎಂದು ಅನೇಕರು ಅಂದುಕೊಳ್ಳುತ್ತಾರೆ. ಹಾಗಿಲ್ಲ. ಚೆನ್ನಾಗಿಯೇ ಕಾಣುತ್ತದೆ. ನಿಮ್ಮ ರಕ್ತದಲ್ಲಿ ಏರಿದ ಇಯೊಸಿನೊಫಿಲ್ ಹುಳುವಿನಿಂದಲೇ ಆಗಿದ್ದರೆ ಅದೇ ಸಾಕ್ಷಿ. ಕಂಡರೂ ದೇಹ ಪೂರ್ತಿ ಬಲ ಹಾಕಿ ಹೊಡೆಯುವುದಿಲ್ಲ. ಇದಕ್ಕೆ ಅರ್ಧ ಕಾರಣ ಹುಳುವಿನ ಕೈವಾಡ. ಇನ್ನರ್ಧ ನಮ್ಮ ದೇಹದ್ದೇ ಲೆಕ್ಕಾಚಾರ. ಈ ಎರಡನೆಯ ಅರ್ಧವನ್ನು ಬಿಟ್ಟು ಬರೀ ಹುಳುವಿನ ಜಾಣತನದ ಕಥೆ ಹೇಳುವುದೇ ಜಾಸ್ತಿ.

ಗಾತ್ರವನ್ನೇ ನೋಡಿ. ಬ್ಯಾಕ್ಟೀರಿಯಾ ಬಂದರೆ ಬಿಳಿ ರಕ್ತಕಣ ಅದನ್ನು ನುಂಗಿ ಜೀರ್ಣ ಮಾಡಿಕೊಳ್ಳುತ್ತದೆ. ವೈರಸ್ ಹೊಕ್ಕ ಜೀವಕೋಶವನ್ನು ಇನ್ನೊಂದು ಕಣ ಕೊಂದುಹಾಕುತ್ತದೆ. ಕರುಳಿನ ದುಂಡುಹುಳು ಒಂದಡಿ ಉದ್ದ ಬೆಳೆಯಬಲ್ಲದು. ಅದನ್ನು ನುಂಗುವ ಕಣ ಎಲ್ಲಿದೆ? ಮೈಮೇಲೆ ಗಟ್ಟಿಯಾದ ಹೊರಪದರ ಬೇರೆ. ಅದನ್ನು ಕೊಲ್ಲುವಷ್ಟು ವಿಷ ಸುರಿದರೆ ಮೊದಲು ಸುಡುವುದು ನಮ್ಮದೇ ಕರುಳು. ಬೆಳೆದ ಗದ್ದೆಗೆ ಆನೆ ನುಗ್ಗಿದಾಗ ಅದನ್ನು ಅಲ್ಲೇ ಕೆಡವಲು ಹೋದರೆ ಪೈರೆಲ್ಲ ನೆಲಸಮ. ತಮಟೆ ಬಾರಿಸಿ ಆಚೆ ಅಟ್ಟುವುದೇ ಮೇಲು. ಕರುಳಿನ ಹುಳುವಿನ ವಿಷಯದಲ್ಲಿ ದೇಹ ಮಾಡುವುದೂ ಅದನ್ನೇ.

ಅಟ್ಟುವ ಈ ಕ್ರಮಕ್ಕೆ ವಿಜ್ಞಾನಿಗಳು ಟೈಪ್ 2 ಪ್ರತಿರೋಧ ಎನ್ನುತ್ತಾರೆ. ಇದು ಹೇಗೆ ಶುರುವಾಗುತ್ತದೆ ಎಂಬುದು ತೀರಾ ಇತ್ತೀಚಿನವರೆಗೂ ಗೊತ್ತಿರಲಿಲ್ಲ. ಕರುಳಿನ ಒಳಪದರದಲ್ಲಿ ಅಲ್ಲೊಂದು ಇಲ್ಲೊಂದು ಟಫ್ಟ್ ಕೋಶಗಳಿವೆ. ತಲೆಯ ಮೇಲೆ ಕುಚ್ಚು ಇರುವಂತೆ ಕಾಣುವ ಇವು ಏನು ಮಾಡುತ್ತವೆ ಎಂದು ದಶಕಗಳ ಕಾಲ ಯಾರಿಗೂ ಹೊಳೆದಿರಲಿಲ್ಲ. 2016ರಲ್ಲಿ ಮೂರು ತಂಡಗಳು ಬೇರೆ ಬೇರೆಯಾಗಿ ಒಂದೇ ಉತ್ತರ ಕಂಡುಕೊಂಡವು. ಹುಳು ಬಂದಿದೆ ಎಂದು ಮೊದಲು ಕೂಗು ಹಾಕುವುದು ಇವೇ. ರುಚಿ ತಿಳಿಯಲು ನಾಲಗೆಯ ಕೋಶಗಳು ಬಳಸುವ ಕೆಲವು ಪ್ರೋಟೀನ್‌ಗಳು ಇವುಗಳಲ್ಲೂ ಇವೆ. ಕರುಳಿನೊಳಗೆ ಹುಳುವನ್ನು ಹೆಚ್ಚುಕಡಿಮೆ ರುಚಿ ನೋಡಿಯೇ ಪತ್ತೆ ಮಾಡುತ್ತವೆ ಎನ್ನಬಹುದು. ನನಗಂತೂ ಇದು ಈ ವಿಷಯದ ಅತ್ಯಂತ ಚೆಂದದ ಸಂಶೋಧನೆಗಳಲ್ಲಿ ಒಂದು.

ಟಫ್ಟ್ ಕೋಶ ಇಂಟರ್‌ಲ್ಯೂಕಿನ್ 25 ಎಂಬ ಸಂದೇಶ ಕಳಿಸುತ್ತದೆ. ಹುಳು ಕೊರೆದು ಗಾಯ ಮಾಡಿದ ಕೋಶಗಳಿಂದ ಇಂಟರ್‌ಲ್ಯೂಕಿನ್ 33 ಹೊರಬೀಳುತ್ತದೆ. ಈ ಸಂದೇಶಗಳು ಐಎಲ್‌ಸಿ2 ಎಂಬ ರೋಗನಿರೋಧಕ ಕಣಗಳನ್ನು, ಆಮೇಲೆ ಟಿ ಕಣಗಳನ್ನು ಎಬ್ಬಿಸುತ್ತವೆ. ಅವು ಇಂಟರ್‌ಲ್ಯೂಕಿನ್ 4, 5 ಮತ್ತು 13 ಸುರಿಸುತ್ತವೆ. 13 ಬಂದರೆ ಕರುಳು ಲೋಳೆ ಸುರಿಸುತ್ತದೆ, ಸ್ನಾಯು ಜೋರಾಗಿ ಹಿಂಡುತ್ತದೆ, ಒಳಪದರದ ಕೋಶಗಳು ಬೇಗ ಬೇಗ ಹೊಸದಾಗುತ್ತವೆ. ಹುಳುವಿಗೆ ಹಿಡಿದು ನಿಲ್ಲಲು ಜಾಗವೇ ಸಿಗದಂತೆ ಮಾಡುವುದು ಉದ್ದೇಶ. 5 ಬಂದರೆ ಮೂಳೆಮಜ್ಜೆಯಿಂದ ಇಯೊಸಿನೊಫಿಲ್‌ಗಳು ಹೊರಡುತ್ತವೆ. ನಿಮ್ಮ ರಿಪೋರ್ಟ್‌ನ ಅಂಕಿಯ ಹಿಂದೆ ಇರುವುದು ಇದೇ ಸಂದೇಶ. 4 ಬಂದರೆ ಐಜಿಇ ಎಂಬ ಪ್ರತಿಕಾಯ ತಯಾರಾಗುತ್ತದೆ. ಅಲರ್ಜಿಯಲ್ಲಿ ಸೀನು, ತುರಿಕೆ, ದಮ್ಮು ತರಿಸುವುದೂ ಇದೇ ಐಜಿಇ. ಅಲರ್ಜಿ ಎಂದರೆ ಹುಳು ಓಡಿಸುವ ಯಂತ್ರ ಧೂಳಿಗೋ ಪರಾಗಕ್ಕೋ ಚಾಲೂ ಆಗಿಬಿಡುವುದು. ಅದೇ ಯಂತ್ರಕ್ಕೆ ಇನ್ನೊಂದು ಕೆಲಸವೂ ಇದೆ. ಗಾಯ ಮಾಯಿಸುವುದು. ದೊಡ್ಡ ಹುಳು ಮೈಯೊಳಗೆ ತಿರುಗಾಡಿದರೆ ತೂತು ಬೀಳುತ್ತದೆ, ರಕ್ತ ಒಸರುತ್ತದೆ. ಓಡಿಸುವವರು, ಹೊಲಿಯುವವರು ಒಂದೇ ತಂಡದಲ್ಲಿದ್ದರೆ ಒಳ್ಳೆಯದು, ಅಲ್ವಾ?

ಇಷ್ಟೆಲ್ಲ ಇದ್ದ ಮೇಲೆ ಹುಳು ಹೋಗಬೇಕಿತ್ತು. ಕೆಲವು ಹೋಗುತ್ತವೆ ಕೂಡ. ನಿಪ್ಪೊಸ್ಟ್ರಾಂಗೈಲಸ್ ಎಂಬ ಇಲಿಯ ಹುಳುವನ್ನು ಪ್ರಯೋಗಶಾಲೆಯ ಪುಟ್ಟ ಇಲಿಗಳಿಗೆ ಹಾಕಿದರೆ ಸುಮಾರು ಹತ್ತು ದಿನದಲ್ಲಿ ಅವು ಅದನ್ನು ಹೊರದಬ್ಬುತ್ತವೆ. ಅವೇ ಇಲಿಗಳಿಗೆ ಹೆಲಿಗ್ಮೊಸೊಮಾಯ್ಡಿಸ್ ಎಂಬ ಇನ್ನೊಂದು ಹುಳು ಹಾಕಿ ನೋಡಿ. ಅದು ತಿಂಗಳುಗಟ್ಟಲೆ ಆರಾಮಾಗಿ ಕುಳಿತಿರುತ್ತದೆ. ಇಲಿ ಅದೇ, ಅದರ ಬಳಿ ಇರುವ ಆಯುಧವೂ ಅದೇ. ವ್ಯತ್ಯಾಸ ಇರುವುದು ಹುಳು ಹೊರಹಾಕುವ ರಸದಲ್ಲಿ.

ಆ ರಸದಲ್ಲಿ ನೂರಾರು ಪ್ರೋಟೀನ್‌ಗಳಿವೆ. ಅವನ್ನು ಒಂದೊಂದಾಗಿ ಬಿಡಿಸಿ ನೋಡುವ ಕೆಲಸ ಬ್ರಿಟನ್ನಿನ ಪ್ರಯೋಗಶಾಲೆಗಳಲ್ಲಿ ಬಹಳ ವರ್ಷಗಳಿಂದ ನಡೆದಿದೆ. 2017ರಲ್ಲಿ ಎರಡು ಪ್ರೋಟೀನ್‌ಗಳ ವಿವರ ಹೊರಬಂತು. ಒಂದರ ಹೆಸರು ಎಚ್‌ಪಿ-ಎಆರ್‌ಐ. ಗಾಯಗೊಂಡ ಕೋಶದಿಂದ ಇಂಟರ್‌ಲ್ಯೂಕಿನ್ 33 ಹೊರಬೀಳುತ್ತದೆ ಎಂದೆನಲ್ಲ, ಈ ಪ್ರೋಟೀನ್ ಅದಕ್ಕೆ ಒಂದು ಕಡೆಯಿಂದ ಅಂಟಿಕೊಳ್ಳುತ್ತದೆ. ಇನ್ನೊಂದು ಕಡೆಯಿಂದ ಸತ್ತ ಕೋಶದ ಡಿಎನ್‌ಎಗೆ ಅಂಟಿಕೊಳ್ಳುತ್ತದೆ. ಸಂದೇಶ ಸತ್ತ ಕೋಶದೊಳಗೇ ಕಟ್ಟುಬಿದ್ದು ಹೊರಗೆ ಸೋರುವುದೇ ಇಲ್ಲ. ಅದೇ ಹುಳುವಿನ ಇನ್ನೊಂದು ಪ್ರೋಟೀನ್ ಇಂಟರ್‌ಲ್ಯೂಕಿನ್ 33ರ ರಿಸೆಪ್ಟರನ್ನೇ, ಅಂದರೆ ಕೋಶದ ಮೇಲೆ ಆ ಸಂದೇಶ ಬಂದು ಕೂರುವ ಜಾಗವನ್ನೇ, ಮುಚ್ಚುತ್ತದೆ ಎಂದು ಆಮೇಲೆ ಗೊತ್ತಾಯಿತು. ಒಂದೇ ಸಂದೇಶವನ್ನು ತಡೆಯಲು ಎರಡು ಏರ್ಪಾಡು! ಹುಳುವಿಗೆ ಆ ಸಂದೇಶ ಎಷ್ಟು ಅಪಾಯ ಎಂಬುದು ಇದರಿಂದಲೇ ತಿಳಿಯುತ್ತದೆ.

2017ರ ಇನ್ನೊಂದು ಪ್ರೋಟೀನ್ ಟಿಜಿಎಂ. ರೋಗನಿರೋಧಕ ಕಣಗಳಿಗೆ ಸಮಾಧಾನ ಹೇಳಲು ನಮ್ಮ ದೇಹ ಬಳಸುವ ಸಂದೇಶಗಳಲ್ಲಿ ಟಿಜಿಎಫ್ ಬೀಟಾ ಮುಖ್ಯವಾದದ್ದು. ಹುಳುವಿನ ಟಿಜಿಎಂ ಅದೇ ರಿಸೆಪ್ಟರ್‌ಗೆ ಕೂತು ಅದೇ ಸಮಾಧಾನ ಹೇಳುತ್ತದೆ. ಸೋಜಿಗ ಏನೆಂದರೆ ಎರಡರ ರಚನೆಯಲ್ಲಿ ಯಾವ ನಂಟೂ ಇಲ್ಲ. ಬೇರೆಯೇ ಕುಟುಂಬದ ಪ್ರೋಟೀನೊಂದನ್ನು ತಿದ್ದಿ ತೀಡಿ ಹುಳುವಿನ ವಂಶ ಈ ಕೆಲಸಕ್ಕೆ ಒಗ್ಗಿಸಿಕೊಂಡಿದೆ. ನಮ್ಮ ಸಂದೇಶದ ನಕಲಲ್ಲ, ಹೊಸದಾಗಿ ಕಟ್ಟಿದ್ದು.

ಬೇರೆ ಹುಳುಗಳ ದಾರಿ ಬೇರೆ. ರಕ್ತನಾಳದಲ್ಲಿ ಬದುಕುವ ಶಿಸ್ಟೊಸೋಮಾ ಹುಳುವಿನ ಕಥೆ ಹಳೆಯದಾದರೂ ನನಗೆ ಅಚ್ಚುಮೆಚ್ಚು. ರಕ್ತದಲ್ಲೇ ವಾಸ ಎಂದರೆ ಪ್ರತಿಕಾಯ, ಬಿಳಿ ಕಣ ಎಲ್ಲದರ ನಟ್ಟನಡುವೆ ವಾಸ. ಆದರೂ ಅದು ವರ್ಷಗಟ್ಟಲೆ ಬದುಕುತ್ತದೆ. 1969ರಲ್ಲಿ ಸ್ಮಿದರ್ಸ್, ಟೆರಿ ಮತ್ತು ಹಾಕ್ಲಿ ಎಂಬ ವಿಜ್ಞಾನಿಗಳು ಒಂದು ಪ್ರಯೋಗ ಪ್ರಕಟಿಸಿದರು. ಇಲಿಯ ರಕ್ತಕಣಗಳ ವಿರುದ್ಧ ಪ್ರತಿಕಾಯ ಬರುವಂತೆ ಕೋತಿಗಳನ್ನು ಮೊದಲೇ ತಯಾರು ಮಾಡಿದ್ದರು. ಇಲಿಯಲ್ಲಿ ಬೆಳೆದ ಹುಳುಗಳನ್ನು ಆ ಕೋತಿಗಳಿಗೆ ಹಾಕಿದರೆ ಹುಳುಗಳು ಸತ್ತವು. ಕೋತಿಯಲ್ಲೇ ಬೆಳೆದ ಹುಳುಗಳಿಗೆ ಏನೂ ಆಗಲಿಲ್ಲ. ಅಂದರೆ ಯಾರ ಮೈಯಲ್ಲಿ ಬೆಳೆಯುತ್ತದೋ ಅವರ ಅಣುಗಳನ್ನೇ ಹುಳು ತನ್ನ ಚರ್ಮದ ಮೇಲೆ ಹಚ್ಚಿಕೊಂಡಿರುತ್ತದೆ. ರೋಗನಿರೋಧಕ ಕಣ ಬಂದು ಮುಟ್ಟಿದರೆ ಸಿಗುವುದು ತನ್ನದೇ ಮನೆಯ ಗುರುತು.

ಪಿತ್ತಜನಕಾಂಗದ ಫ್ಯಾಸಿಯೋಲಾ ಹುಳು ಪ್ರತಿಕಾಯಗಳನ್ನು ಕತ್ತರಿಸುವ ಕಿಣ್ವ ಸುರಿಸುತ್ತದೆ. ದಂಶಕಗಳಲ್ಲಿ ಇರುವ ಒಂದು ಫೈಲೇರಿಯಾ ಹುಳು ಇಎಸ್-62 ಎಂಬ ಪ್ರೋಟೀನ್ ಬಿಡುತ್ತದೆ. ಅದಕ್ಕೆ ಅಂಟಿಕೊಂಡಿರುವ ಫಾಸ್ಫೊರಿಲ್‌ಕೋಲಿನ್ ಎಂಬ ಪುಟ್ಟ ಅಣು ಹಲವು ಬಗೆಯ ಕಣಗಳನ್ನು ಒಟ್ಟಿಗೇ ಮೆತ್ತಗೆ ಮಾಡುತ್ತದೆ. ಸಣ್ಣ ಆರ್‌ಎನ್‌ಎ ತುಣುಕುಗಳನ್ನು ಗುಳ್ಳೆಗಳಲ್ಲಿ ತುಂಬಿ ನಮ್ಮ ಕೋಶಗಳೊಳಕ್ಕೆ ಕಳಿಸುವ ಹುಳುಗಳೂ ಇವೆ. ಅಲ್ಲಿ ಅವು ನಮ್ಮದೇ ಜೀನ್‌ಗಳ ಕೆಲಸವನ್ನು ತಗ್ಗಿಸುತ್ತವೆ. ಪಟ್ಟಿ ಇನ್ನೂ ಉದ್ದವಿದೆ, ಇಲ್ಲಿಗೆ ಬಿಡೋಣ.

ಈಗ ನಮ್ಮ ದೇಹದ ಲೆಕ್ಕಾಚಾರಕ್ಕೆ ಬರುತ್ತೇನೆ. ಹುಳು ಬಹಳ ದಿನ ಉಳಿದರೆ ದೇಹದ ನಿಯಂತ್ರಕ ಟಿ ಕಣಗಳು ಹೆಚ್ಚುತ್ತವೆ. ಅವು ಮತ್ತು ಅವುಗಳ ಜೊತೆಯ ಬೇರೆ ಕಣಗಳು ಇಂಟರ್‌ಲ್ಯೂಕಿನ್ 10 ಹೊರಬಿಟ್ಟು ಉಳಿದವರನ್ನು ತಣ್ಣಗೆ ಮಾಡುತ್ತವೆ. ಐಜಿಇ ಜೊತೆಗೆ ಐಜಿಜಿ4 ಎಂಬ ಬೇರೆ ಪ್ರತಿಕಾಯವೂ ಏರುತ್ತದೆ. ಇದು ಹುಳುವಿನ ಅದೇ ಭಾಗಗಳಿಗೆ ಅಂಟಿಕೊಳ್ಳುತ್ತದೆ, ಆದರೆ ಗಲಾಟೆ ಎಬ್ಬಿಸುವುದಿಲ್ಲ. ಐಜಿಇ ಕೂರಬೇಕಾದ ಜಾಗದಲ್ಲಿ ತಾನು ಕೂತುಬಿಡುತ್ತದೆ. ಇದನ್ನು ಬರೀ ಸೋಲು ಎಂದು ಕರೆದರೆ ತಪ್ಪಾಗುತ್ತದೆ. ಯಾಕೆಂದರೆ ಹೊಡೆದಾಟ ಮುಂದುವರಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಕಣ್ಣೆದುರೇ ಉದಾಹರಣೆಗಳಿವೆ.

ಆನೆಕಾಲು ರೋಗ ತರುವ ಫೈಲೇರಿಯಾ ಹುಳುವನ್ನು ತೆಗೆದುಕೊಳ್ಳಿ. ಒಂದೇ ಊರಿನಲ್ಲಿ, ಒಂದೇ ಸೊಳ್ಳೆ ಕಚ್ಚುವ ಜನರಲ್ಲಿ ಎರಡು ಬಗೆಯವರು ಸಿಗುತ್ತಾರೆ. ಒಬ್ಬರ ರಕ್ತದಲ್ಲಿ ಸಾವಿರಾರು ಮರಿಹುಳು ತೇಲುತ್ತಿರುತ್ತವೆ, ಆದರೆ ಹೊರಗೆ ಏನೂ ತೊಂದರೆ ಕಾಣುವುದಿಲ್ಲ. ಇನ್ನೊಬ್ಬರ ರಕ್ತದಲ್ಲಿ ಮರಿಹುಳು ಒಂದೂ ಸಿಗುವುದಿಲ್ಲ, ಆದರೆ ಕಾಲು ಊದಿಕೊಂಡು ಬಾಳೇ ಕಷ್ಟವಾಗಿರುತ್ತದೆ. ಇಬ್ಬರ ರಕ್ತ ಪರೀಕ್ಷಿಸಿದರೆ ಮೊದಲನೆಯವರಲ್ಲಿ ಐಜಿಜಿ4 ಮತ್ತು ಇಂಟರ್‌ಲ್ಯೂಕಿನ್ 10 ಜಾಸ್ತಿ. ಎರಡನೆಯವರಲ್ಲಿ ಹುಳುವಿನ ವಿರುದ್ಧ ಬಿರುಸಾದ ಉರಿಯೂತ. ಊದಿದ ಕಾಲು ಬರೀ ಹುಳು ಮಾಡಿದ್ದಲ್ಲ. ಹುಳುವಿನ ಜೊತೆಗಿನ ಹೊಡೆದಾಟ, ಹಾಳಾದ ದುಗ್ಧನಾಳ (ಲಿಂಫ್ ನಾಳ), ಮೇಲಿಂದ ಮೇಲೆ ಬರುವ ಬ್ಯಾಕ್ಟೀರಿಯಾ ಸೋಂಕು ಎಲ್ಲ ಸೇರಿದ್ದು. ಹಾಗೆಂದು ಮೊದಲನೆಯವರೂ ಪೂರ್ತಿ ಕ್ಷೇಮವಲ್ಲ. ಸ್ಕ್ಯಾನ್ ಮಾಡಿದರೆ ಅವರಲ್ಲೂ ದುಗ್ಧನಾಳಗಳು ಹಿಗ್ಗಿರುವುದು ಕಾಣುತ್ತದೆ. ಸೊಳ್ಳೆಯ ಮೂಲಕ ಊರಿಗೆಲ್ಲ ಹಂಚುವುದೂ ಅವರ ರಕ್ತವೇ.

ಮಿದುಳಿನಲ್ಲಿ ಲಾಡಿಹುಳುವಿನ ಮರಿ ಕೂತಾಗಲೂ ಇದೇ ಪಾಠ. ಜೀವಂತ ಗುಳ್ಳೆ ವರ್ಷಗಟ್ಟಲೆ ಸದ್ದಿಲ್ಲದೆ ಇರಬಹುದು. ಅದು ಸಾಯಲು ಶುರುವಾದಾಗ ಅದರ ತಡೆಯುವ ರಸ ನಿಲ್ಲುತ್ತದೆ. ಒಳಗಿನ ಪ್ರೋಟೀನ್ ಸೋರುತ್ತದೆ. ಸುತ್ತ ಉರಿಯೂತ ಏಳುತ್ತದೆ, ಫಿಟ್ಸ್ ಬರುತ್ತದೆ. ಅದಕ್ಕೇ ಅಲ್ಲಿ ಹುಳು ಕೊಲ್ಲುವ ಔಷಧಿಯ ಜೊತೆ ಉರಿಯೂತ ತಗ್ಗಿಸುವ ಸ್ಟೀರಾಯ್ಡ್ ಕೊಡುವುದು. ನದಿ ಕುರುಡು ಎಂಬ ಇನ್ನೊಂದು ಫೈಲೇರಿಯಾ ರೋಗದಲ್ಲಿ ಡೈಈಥೈಲ್‌ಕಾರ್ಬಮಜೀನ್ ಎಂಬ ಔಷಧಿ ಕೊಟ್ಟರೆ ಚರ್ಮದ ಮರಿಹುಳುಗಳು ಒಮ್ಮೆಲೇ ಸತ್ತು ಜ್ವರ, ವಿಪರೀತ ತುರಿಕೆ ಬರುತ್ತದೆ, ಕಣ್ಣಿಗೂ ಹಾನಿಯಾಗಬಹುದು. ಆ ಹುಳುಗಳ ಜೀವಕೋಶಗಳೊಳಗೆ ವೊಲ್ಬಾಕಿಯಾ ಎಂಬ ಬ್ಯಾಕ್ಟೀರಿಯಾ ಬೇರೆ ಇದೆ. ಹುಳು ಸತ್ತಾಗ ಅದೂ ಹೊರಬಿದ್ದು ಬೆಂಕಿಗೆ ತುಪ್ಪ ಸುರಿಯುತ್ತದೆ.

ಆದ್ದರಿಂದ ದೇಹ ತಾಳ್ಮೆ ತೋರಿಸುವುದರಲ್ಲಿ ಅರ್ಥ ಇದೆ. ಆದರೆ ಆ ತಾಳ್ಮೆ ಎಷ್ಟಿರಬೇಕು ಎಂಬುದನ್ನು ಹುಳು ತನ್ನ ಕಡೆಗೆ ಎಳೆಯುತ್ತದೆ. ನಮಗೆ ಲಾಭವಾಗುವಷ್ಟಕ್ಕೆ ಅದು ನಿಲ್ಲುವುದಿಲ್ಲ. ಹುಳು ಮತ್ತು ಮನುಷ್ಯ ಹಳೆಯ ಗೆಳೆಯರು, ಪರಸ್ಪರ ಉಪಕಾರಿಗಳು ಎಂಬ ಮಾತನ್ನು ಕೇಳಿದಾಗ ನಾನು ತಕರಾರು ತೆಗೆಯುವುದು ಇಲ್ಲೇ. ಹಳೆಯ ಪರಿಚಯ ಹೌದು. 5,000 ವರ್ಷಕ್ಕೂ ಹಿಂದೆ ಆಲ್ಪ್ಸ್ ಹಿಮದಲ್ಲಿ ಸತ್ತ ಓಟ್ಸಿ ಎಂಬ ಮನುಷ್ಯನ ಕರುಳಿನಲ್ಲೂ ಚಾಟಿಹುಳುವಿನ ಮೊಟ್ಟೆ ಸಿಕ್ಕಿದೆ. ಗೆಳೆತನ ಎನ್ನುವುದು ಬೇರೆ ಮಾತು.

ಶಿಸ್ಟೊಸೋಮಾಕ್ಕೆ ಮತ್ತೆ ಬರುತ್ತೇನೆ, ಯಾಕೆಂದರೆ ಅಲ್ಲಿ ಕಥೆ ತಲೆಕೆಳಗಾಗುತ್ತದೆ. ಈ ಹುಳುವಿಗೆ ನಮ್ಮ ರೋಗನಿರೋಧಕ ಶಕ್ತಿ ಬೇಕು! ಹೆಣ್ಣು ಹುಳು ರಕ್ತನಾಳದಲ್ಲಿ ಮೊಟ್ಟೆ ಇಡುತ್ತದೆ. ಆ ಮೊಟ್ಟೆ ಕರುಳಿನ ಗೋಡೆ ದಾಟಿ ಮಲದ ಮೂಲಕ ಹೊರಗೆ ಹೋಗಬೇಕು. ಮೊಟ್ಟೆಗೆ ಕಾಲಿಲ್ಲ. ಅದರ ಸುತ್ತ ನಮ್ಮ ಕಣಗಳು ಗಂಟು ಕಟ್ಟುತ್ತವೆ, ಆ ಗಂಟೇ ಅದನ್ನು ಗೋಡೆಯಾಚೆ ಸಾಗಿಸಲು ನೆರವಾಗುತ್ತದೆ. ಟಿ ಕಣಗಳಿಲ್ಲದ ಇಲಿಗಳಲ್ಲಿ ಮೊಟ್ಟೆ ಹೊರಬೀಳುವುದು ಬಹಳ ಕಡಿಮೆ. ಮನುಷ್ಯರಲ್ಲೂ ಇದು ಕಂಡಿದೆ. ಕೀನ್ಯಾದ ವಿಕ್ಟೋರಿಯಾ ಸರೋವರದಲ್ಲಿ ಕಾರು ತೊಳೆಯುವ ಕೆಲಸದವರ ಮೇಲಿನ ಅಧ್ಯಯನ 1997ರಲ್ಲಿ ಪ್ರಕಟವಾಯಿತು. ಹುಳು ಇದ್ದವರ ಪೈಕಿ, ಟಿ ಕಣಗಳನ್ನು ಕುಗ್ಗಿಸುವ ಎಚ್‌ಐವಿ ಇದ್ದವರ ಮಲದಲ್ಲಿ ಮೊಟ್ಟೆಗಳು ಕಡಿಮೆ ಇದ್ದವು.

ಹೊರಗೆ ಹೋಗದ ಮೊಟ್ಟೆಗಳು ಯಕೃತ್ತಿನಲ್ಲಿ ಸಿಕ್ಕಿಬೀಳುತ್ತವೆ. ಅಲ್ಲೂ ಗಂಟು ಕಟ್ಟುತ್ತದೆ. ಆ ಗಂಟು ಇಲ್ಲದಿದ್ದರೆ ಮೊಟ್ಟೆಯ ವಿಷ ಯಕೃತ್ತಿನ ಕೋಶಗಳನ್ನು ಕೊಲ್ಲುತ್ತದೆ. ಇದ್ದರೆ, ವರ್ಷಗಳು ಕಳೆದಂತೆ ನಾರು ತುಂಬಿ ಯಕೃತ್ತಿಗೆ ಹೋಗುವ ರಕ್ತದ ಒತ್ತಡ ಏರುತ್ತದೆ, ಅನ್ನನಾಳದ ರಕ್ತನಾಳಗಳು ಊದಿ ಒಡೆಯಬಹುದು. ನಾರು ಕಟ್ಟಿಸುವುದರಲ್ಲಿ ಮುಂದಾಳು ಯಾರು ಗೊತ್ತೇ? ಗಾಯ ಮಾಯಿಸುವ ಅದೇ ಇಂಟರ್‌ಲ್ಯೂಕಿನ್ 13.

ಹಾಗಾದರೆ ವಯಸ್ಸಾದಂತೆ ಜನ ಹುಳುವಿಗೆ ಗಟ್ಟಿಯಾಗುವುದಿಲ್ಲವೇ? ಶಿಸ್ಟೊಸೋಮಾ ಇರುವ ಕಡೆ ಹದಿಹರೆಯದ ಹೊತ್ತಿಗೆ ಸೋಂಕು ತುತ್ತತುದಿಗೆ ಏರಿ ಆಮೇಲೆ ಇಳಿಯುತ್ತದೆ. ಜೀವಂತ ಹುಳು ಒಳಗಿನ ಪ್ರೋಟೀನ್‌ಗಳನ್ನು ತೋರಿಸುವುದಿಲ್ಲ. ಹುಳುಗಳು ತಾವಾಗಿ ಸಾಯುತ್ತಾ ಬಂದಾಗ ಅವು ಬಯಲಾಗುತ್ತವೆ, ಆಗ ತಕ್ಕ ಐಜಿಇ ನಿಧಾನವಾಗಿ ತಯಾರಾಗುತ್ತದೆ. ಇದಕ್ಕೆ ವರ್ಷಗಳೇ ಬೇಕು. ಇದರ ಜೊತೆಗೆ ಇನ್ನೊಂದು ವಿಚಿತ್ರ. ಒಳಗಿರುವ ಬಲಿತ ಹುಳುಗಳನ್ನು ಬಿಟ್ಟು, ಹೊಸದಾಗಿ ಬರುವ ಮರಿಗಳನ್ನು ಮಾತ್ರ ದೇಹ ತಡೆಯುವುದೂ ಇದೆ. ಮೊದಲೇ ಬಂದು ಕೂತ ಹುಳುವಿಗೆ ಇದಕ್ಕಿಂತ ಅನುಕೂಲ ಇನ್ನೇನು ಬೇಕು? ಜಾಗಕ್ಕೆ ಪೈಪೋಟಿಯೇ ಇಲ್ಲ. ಕೊಕ್ಕೆಹುಳುವಿನ ವಿಷಯದಲ್ಲಿ ಇಷ್ಟು ರಕ್ಷಣೆಯೂ ಸರಿಯಾಗಿ ಬೆಳೆಯುವುದಿಲ್ಲ. ದೊಡ್ಡವರಲ್ಲೂ ಅದು ಮಕ್ಕಳಷ್ಟೇ, ಕೆಲವೆಡೆ ಇನ್ನೂ ಜಾಸ್ತಿಯೇ ಇರುತ್ತದೆ.

ಹುಳುವಿನಿಂದ ತಣ್ಣಗಾದ ರೋಗನಿರೋಧಕ ಶಕ್ತಿ ಬೇರೆ ಕೆಲಸಗಳಲ್ಲೂ ಹಿಂದೆ ಬೀಳುತ್ತದೆಯೇ? ಕೆಲವೊಮ್ಮೆ. ಎಕ್ವಡಾರ್‌ನಲ್ಲಿ ದುಂಡುಹುಳು ಇದ್ದ ಮಕ್ಕಳಿಗೆ ಮೊದಲು ಆಲ್ಬೆಂಡಜೋಲ್ ಎಂಬ ಹುಳುವಿನ ಔಷಧಿ ಕೊಟ್ಟು ಆಮೇಲೆ ಬಾಯಿಯ ಮೂಲಕ ಕಾಲರಾ ಲಸಿಕೆ ಕೊಟ್ಟಾಗ ಲಸಿಕೆ ಹೆಚ್ಚು ಚೆನ್ನಾಗಿ ಹಿಡಿಯಿತು. ಉಗಾಂಡಾದಲ್ಲಿ ಸುಮಾರು 2,500 ಗರ್ಭಿಣಿಯರ ಮೇಲೆ ನಡೆದ ದೊಡ್ಡ ಅಧ್ಯಯನದಲ್ಲಿ ತಾಯಂದಿರಿಗೆ ಹುಳುವಿನ ಔಷಧಿ ಕೊಟ್ಟರೂ ಮಕ್ಕಳ ಲಸಿಕೆಯ ಫಲದಲ್ಲಿ ಹೇಳುವಂಥ ವ್ಯತ್ಯಾಸ ಕಾಣಲಿಲ್ಲ. ಹುಳು ಇದ್ದವರಿಗೆ ಲಸಿಕೆ ಕೆಲಸ ಮಾಡುವುದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಪರಿಣಾಮ ಇದ್ದರೂ ಅದು ಹುಳುವಿಗೆ, ಲಸಿಕೆಗೆ, ವಯಸ್ಸಿಗೆ ತಕ್ಕಂತೆ ಬದಲಾಗುತ್ತದೆ.

ಇನ್ನು ಅಲರ್ಜಿ. 1989ರಲ್ಲಿ ಡೇವಿಡ್ ಸ್ಟ್ರಾಚನ್ ಎಂಬ ಬ್ರಿಟಿಷ್ ವಿಜ್ಞಾನಿ, ಒಡಹುಟ್ಟಿದವರು ಜಾಸ್ತಿ ಇದ್ದ ಮಕ್ಕಳಲ್ಲಿ ಪರಾಗದ ಅಲರ್ಜಿ ಕಡಿಮೆ ಎಂದು ಗುರುತಿಸಿದರು. ಚಿಕ್ಕಂದಿನಲ್ಲಿ ಸೋಂಕು ಕಡಿಮೆಯಾದದ್ದೇ ಅಲರ್ಜಿ ಹೆಚ್ಚಲು ಕಾರಣ ಇರಬಹುದು ಎಂಬ ವಿಚಾರ ಅಲ್ಲಿಂದ ಬೆಳೆಯಿತು. ಹುಳುಗಳೂ ಆ ಚರ್ಚೆಯೊಳಗೆ ಬಂದವು. ಗಬಾನ್‌ನ ಶಾಲಾಮಕ್ಕಳ ಅಧ್ಯಯನ 2000ದಲ್ಲಿ ಹೊರಬಂತು. ಶಿಸ್ಟೊಸೋಮಾ ಇದ್ದ ಮಕ್ಕಳ ಚರ್ಮ ಧೂಳಿನ ನುಸಿಗೆ ಕಡಿಮೆ ಕೆರಳುತ್ತಿತ್ತು. ಆ ಮಕ್ಕಳಲ್ಲಿ ಇಂಟರ್‌ಲ್ಯೂಕಿನ್ 10 ಜಾಸ್ತಿ ಇತ್ತು. ಅಲ್ಲೇ ನಡೆದ ಇನ್ನೊಂದು ಅಧ್ಯಯನದ ಫಲ 2004ರಲ್ಲಿ ಬಂತು. ಮತ್ತೆ ಮತ್ತೆ ಔಷಧಿ ಕೊಟ್ಟು ಹುಳು ತೆಗೆದಾಗ ಚರ್ಮದ ಪ್ರತಿಕ್ರಿಯೆ ಹೆಚ್ಚಾಯಿತು. ನೀವು ಓದಿದ್ದು ಬಹುಶಃ ಇದನ್ನೇ.

ಆದರೆ ಚರ್ಮ ಚುಚ್ಚಿ ನೋಡುವ ಪರೀಕ್ಷೆ ಕೆಂಪಾಗುವುದು ಬೇರೆ, ನಿಜವಾದ ದಮ್ಮು ಬರುವುದು ಬೇರೆ. 2006ರ ಎಕ್ವಡಾರ್ ಅಧ್ಯಯನದಲ್ಲಿ ಮಕ್ಕಳಿಗೆ ಒಂದು ವರ್ಷ, ಎರಡು ತಿಂಗಳಿಗೊಮ್ಮೆ ಆಲ್ಬೆಂಡಜೋಲ್ ಕೊಟ್ಟರು. ಅಲರ್ಜಿ ಹೆಚ್ಚಲಿಲ್ಲ. ಉಗಾಂಡಾದ ಅಧ್ಯಯನದಲ್ಲಿ ಗರ್ಭಿಣಿಯಾಗಿದ್ದಾಗ ಆಲ್ಬೆಂಡಜೋಲ್ ಪಡೆದವರ ಶಿಶುಗಳಲ್ಲಿ ಎಕ್ಸಿಮಾ ಎಂಬ ಚರ್ಮದ ತುರಿಕೆಯ ರೋಗ ಜಾಸ್ತಿ ಕಂಡಿತು. ಇದನ್ನು ಮುಚ್ಚಿಡುವುದು ಸರಿಯಲ್ಲ. ಹಲವು ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದಾಗ ಕೊಕ್ಕೆಹುಳು ಇದ್ದವರಲ್ಲಿ ದಮ್ಮು ಕಡಿಮೆ, ದುಂಡುಹುಳು ಇದ್ದವರಲ್ಲಿ ದಮ್ಮು ಜಾಸ್ತಿ. ದುಂಡುಹುಳುವಿನ ಮರಿ ಶ್ವಾಸಕೋಶದ ಮೂಲಕವೇ ಹಾದುಹೋಗುತ್ತದೆ, ಅಲ್ಲಿ ಉರಿಯೂತ ಎಬ್ಬಿಸುತ್ತದೆ. ಹುಳುವಿನ ಸ್ನಾಯುವಿನಲ್ಲಿರುವ ಟ್ರೊಪೊಮಯೋಸಿನ್ ಎಂಬ ಪ್ರೋಟೀನ್ ಧೂಳಿನ ನುಸಿ, ಜಿರಳೆ, ಸಿಗಡಿಗಳಲ್ಲಿ ಇರುವುದಕ್ಕೆ ಬಹಳ ಹತ್ತಿರ. ಒಂದರ ವಿರುದ್ಧ ಹುಟ್ಟಿದ ಐಜಿಇ ಇನ್ನೊಂದಕ್ಕೂ ಅಂಟಿಕೊಳ್ಳಬಹುದು. ಹುಳು ಅಲರ್ಜಿಯನ್ನು ತಣಿಸುತ್ತದೆ ಎಂದು ಒಂದೇ ವಾಕ್ಯದಲ್ಲಿ ಹೇಳಲು ಆಗದಿರುವುದು ಇದಕ್ಕೇ.

ಬೇಕೆಂದೇ ಹುಳು ಹತ್ತಿಸಿಕೊಳ್ಳುವ ವಿಚಾರ ಬರೀ ಹುಚ್ಚಾಟ ಅಲ್ಲ. 2007ರಲ್ಲಿ ಅರ್ಜೆಂಟೀನಾದ ನರತಜ್ಞರು, ರೋಗನಿರೋಧಕ ಶಕ್ತಿಯೇ ನರಗಳ ಮೇಲೆ ಬೀಳುವ ಮಲ್ಟಿಪಲ್ ಸ್ಕ್ಲೆರೋಸಿಸ್ ರೋಗ ಇರುವ 12 ಮಂದಿಯ ವಿವರ ಪ್ರಕಟಿಸಿದರು. ಅವರಿಗೆ ತಾನಾಗಿ ಕರುಳಿನ ಹುಳು ಬಂದಿತ್ತು. ಹುಳು ಇಲ್ಲದ ರೋಗಿಗಳಿಗೆ ಹೋಲಿಸಿದರೆ ಇವರಲ್ಲಿ ರೋಗ ಮರುಕಳಿಸಿದ್ದು ತೀರಾ ಕಡಿಮೆ. ಆಮೇಲೆ ನಾಲ್ವರಿಗೆ ಹುಳುವಿನ ತೊಂದರೆ ತಾಳಲಾಗದೆ ಔಷಧಿ ಕೊಟ್ಟರು. ರೋಗ ಮತ್ತೆ ಚುರುಕಾಯಿತು. ಸಣ್ಣ ಗುಂಪು, ಆದರೆ ತಳ್ಳಿಹಾಕುವಂಥದ್ದಲ್ಲ. 2005ರಲ್ಲಿ ಅಮೆರಿಕದ ಜೋಯಲ್ ವೈನ್‌ಸ್ಟಾಕ್ ಅವರ ತಂಡ ದೊಡ್ಡ ಕರುಳಿನ ಹುಣ್ಣಿನ ರೋಗ ಇರುವ 54 ಮಂದಿಯ ಮೇಲಿನ ಪ್ರಯೋಗ ಪ್ರಕಟಿಸಿತು. ಹಂದಿಯ ಚಾಟಿಹುಳುವಿನ ಮೊಟ್ಟೆ ಕುಡಿದವರಲ್ಲಿ ಶೇ. 43ರಷ್ಟು ಜನರಿಗೆ ಗುಣ ಕಂಡಿತು. ಸುಳ್ಳು ಔಷಧಿ ಕುಡಿದವರಲ್ಲಿ ಶೇ. 17.

ಆಗ ಎಲ್ಲರಿಗೂ ಉತ್ಸಾಹ. ಆಮೇಲೆ ದೊಡ್ಡ ಪ್ರಯೋಗಗಳು ಬಂದವು, ಉತ್ಸಾಹ ಇಳಿಯಿತು. ಡೆನ್ಮಾರ್ಕ್‌ನಲ್ಲಿ ಪರಾಗದ ಅಲರ್ಜಿಗೆ ಅದೇ ಮೊಟ್ಟೆ ಕೊಟ್ಟರು, 2010ರಲ್ಲಿ ಬಂದ ಫಲಿತಾಂಶದಲ್ಲಿ ಪ್ರಯೋಜನ ಕಾಣಲಿಲ್ಲ. ಕ್ರೋನ್ಸ್ ಎಂಬ ಕರುಳಿನ ಉರಿಯೂತದ ಕಾಯಿಲೆಯ ದೊಡ್ಡ ಪ್ರಯೋಗ 2013ರಲ್ಲಿ ಸೋತಿತು. ನಾಟಿಂಗ್‌ಹ್ಯಾಮ್‌ನಲ್ಲಿ 71 ಮಲ್ಟಿಪಲ್ ಸ್ಕ್ಲೆರೋಸಿಸ್ ರೋಗಿಗಳ ಪೈಕಿ ಕೆಲವರಿಗೆ ಕೊಕ್ಕೆಹುಳುವಿನ 25 ಮರಿಗಳನ್ನು ಕೊಟ್ಟು ನೋಡಿದರು. 2020ರ ವರದಿಯಂತೆ ನಿಯಂತ್ರಕ ಟಿ ಕಣ ಏರಿತು, ಆದರೆ ಸ್ಕ್ಯಾನ್‌ನಲ್ಲಿ ನೋಡಬೇಕೆಂದುಕೊಂಡಿದ್ದ ಮುಖ್ಯ ಫಲ ಸಾಬೀತಾಗುವ ಮಟ್ಟಕ್ಕೆ ಬರಲಿಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ಔಷಧಿ ಸಿಗುವುದಾದರೆ ಅದು ಹುಳುವಿನಿಂದಲ್ಲ, ಹುಳುವಿನ ರಸದಿಂದ. ಮೇಲೆ ಹೇಳಿದ ಟಿಜಿಎಂ, ಇಎಸ್-62 ಥರದ ಅಣುಗಳನ್ನು ಬೇರ್ಪಡಿಸಿ, ಅಳತೆಯಲ್ಲಿ ಕೊಡುವ ದಾರಿ. ಇಲಿಗಳಲ್ಲಿ ಅದು ಚೆನ್ನಾಗಿ ಕೆಲಸ ಮಾಡಿದೆ. ಇಡೀ ಹುಳುವನ್ನು ಮೈಗೆ ಬಿಟ್ಟುಕೊಂಡರೆ ರಕ್ತಹೀನತೆ, ಹೊಟ್ಟೆನೋವು ಜೊತೆಗೇ ಬರುತ್ತವೆ. ಆನ್‌ಲೈನ್‌ನಲ್ಲಿ ಮಾರುವ ಮೊಟ್ಟೆ, ಮರಿಹುಳುಗಳ ಕಡೆ ತಲೆ ಹಾಕಲೇಬೇಡಿ. ಅದರಲ್ಲಿ ಏನಿದೆ, ಎಷ್ಟಿದೆ ಎಂದು ಯಾರೂ ನೋಡಿರುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಸುಮಾರು 150 ಕೋಟಿ ಜನರಿಗೆ ಮಣ್ಣಿನಿಂದ ಹರಡುವ ಕರುಳುಹುಳುಗಳಿವೆ. ಅವರಲ್ಲಿ ಮಕ್ಕಳೇ ಹೆಚ್ಚು ಬಳಲುತ್ತಾರೆ. ರಕ್ತ ಕಡಿಮೆಯಾಗುತ್ತದೆ, ಬೆಳವಣಿಗೆ ಕುಂಠಿತವಾಗುತ್ತದೆ. ಯಾವಾಗಲೋ ಬರಬಹುದಾದ ಅಲರ್ಜಿಯ ಹೆದರಿಕೆಗೆ ಮಾತ್ರೆ ಬಿಡುವುದು ನನಗೆ ಸರಿ ಕಾಣುವುದಿಲ್ಲ.

ನಿಮ್ಮ ರಿಪೋರ್ಟ್ ಬಗ್ಗೆ. ಇಯೊಸಿನೊಫಿಲ್ ಏರಲು ಹುಳು ಒಂದೇ ಕಾರಣವಲ್ಲ. ಅಲರ್ಜಿ, ದಮ್ಮು, ಕೆಲವು ಔಷಧಿಗಳು ಕೂಡ ಏರಿಸುತ್ತವೆ. ಹುಳುವಿನಿಂದ ಏರುವುದಾದರೂ, ಕರುಳಿನೊಳಗೆ ಸುಮ್ಮನೆ ಕೂತ ಬಲಿತ ಹುಳುವಿಗಿಂತ ಮೈಯೊಳಗೆ ಓಡಾಡುವ ಮರಿಹುಳು ಜಾಸ್ತಿ ಏರಿಸುತ್ತದೆ. ಕೆಲವು ಹುಳುಗಳು ಸತ್ತ ಮೇಲೆ ಅಂಕಿ ಕೆಲವು ವಾರ ಇನ್ನೂ ಮೇಲೆ ಹೋಗಿ ಆಮೇಲೆ ಇಳಿಯುವುದುಂಟು. ಆದ್ದರಿಂದ ಮಾತ್ರೆ ತಿಂದ ಮಾರನೇ ವಾರವೇ ಪರೀಕ್ಷೆ ಮಾಡಿಸಿ ಗಾಬರಿಯಾಗಬೇಡಿ. ಮತ್ತೆ ಯಾವಾಗ ಮಾಡಿಸಬೇಕು ಎಂದು ವೈದ್ಯರನ್ನೇ ಕೇಳಿ.

ಆಗಲೂ ಇಳಿಯದಿದ್ದರೆ ಒಂದು ಹುಳುವಿನ ಹೆಸರು ನೆನಪಿಟ್ಟುಕೊಂಡು ವೈದ್ಯರ ಬಳಿ ಹೇಳಿ: ಸ್ಟ್ರಾಂಜಿಲಾಯ್ಡಿಸ್. ಮಣ್ಣಿನಿಂದ ಚರ್ಮದ ಮೂಲಕ ಒಳಬರುವ ಇದು ಕರುಳುಹುಳುಗಳಲ್ಲೇ ಬೇರೆ ಬಗೆಯದು. ಮೈಯೊಳಗೇ ಸಂತತಿ ಮುಂದುವರಿಸಬಲ್ಲದು. ಎರಡನೇ ಮಹಾಯುದ್ಧದಲ್ಲಿ ಆಗ್ನೇಯ ಏಷ್ಯಾದಲ್ಲಿ ಸೆರೆಯಾಗಿದ್ದ ಸೈನಿಕರಲ್ಲಿ ದಶಕಗಳ ನಂತರವೂ ಇದು ಸಿಕ್ಕಿದೆ. ಇಷ್ಟು ವರ್ಷ ಅದನ್ನು ಹದ್ದುಬಸ್ತಿನಲ್ಲಿ ಇಟ್ಟಿದ್ದು ಅವರ ಟೈಪ್ 2 ಪ್ರತಿರೋಧ. ಸ್ಟೀರಾಯ್ಡ್ ಕೊಟ್ಟು ಆ ಪ್ರತಿರೋಧವನ್ನು ಕುಗ್ಗಿಸಿದರೆ ಮರಿಹುಳುಗಳು ಲಕ್ಷಗಟ್ಟಲೆ ಹೆಚ್ಚಿ ಶ್ವಾಸಕೋಶಕ್ಕೆ, ಮಿದುಳಿಗೆ ಹರಡಬಹುದು. ಕರುಳಿನ ಬ್ಯಾಕ್ಟೀರಿಯಾಗಳನ್ನೂ ಹೊತ್ತೊಯ್ಯುತ್ತವೆ. ಅಲ್ಲಿಗೆ ಹೋದ ಮೇಲೆ ಪ್ರಾಣ ಉಳಿಸುವುದು ಕಷ್ಟ. ಕೋವಿಡ್ ಕಾಲದಲ್ಲಿ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಬಳಕೆ ಹೆಚ್ಚಿದಾಗ ವೈದ್ಯರು ಈ ಎಚ್ಚರಿಕೆಯನ್ನು ಮತ್ತೆ ಕೊಟ್ಟರು.

ಒಂದೇ ಸಲ ಮಲ ಪರೀಕ್ಷೆ ಮಾಡಿದರೆ ಈ ಹುಳು ತಪ್ಪಿಸಿಕೊಳ್ಳುವುದೇ ಜಾಸ್ತಿ. ಪ್ರತಿಕಾಯ ನೋಡುವ ರಕ್ತ ಪರೀಕ್ಷೆ ಇದೆ. ಒಂದು ಡೋಸ್ ಆಲ್ಬೆಂಡಜೋಲ್ ಇದಕ್ಕೆ ಸಾಲುವುದಿಲ್ಲ, ಐವರ್‌ಮೆಕ್ಟಿನ್ ಬೇಕು. ಮುಂದೆ ದಮ್ಮಿಗೋ ಸಂಧಿವಾತಕ್ಕೋ ದೀರ್ಘಕಾಲ ಸ್ಟೀರಾಯ್ಡ್ ಮಾತ್ರೆ ಬರೆಯುವ ಸಂದರ್ಭ ಬಂದರೆ, ಬರೆಯುವ ಮೊದಲೇ ಆ ವೈದ್ಯರಿಗೆ ಈ ಹಳೆಯ ರಿಪೋರ್ಟ್ ತೋರಿಸಿ.